ಅಗ್ಗದ ಲ್ಯಾಪ್‌ಟಾಪ್ ಕೊಳ್ಳಬೇಕೆ?

ಕಂದಲಗಾಂವದಿಂದ ಸೊಲ್ಲಾಪುರಕ್ಕೆ ಕಾಲೇಜಿಗೆ ಹೋಗುವ ಮಕ್ಕಳು ಚಿಕ್ಕ ಲ್ಯಾಪ್‌ಟಾಪ್ ಕೇಳುತ್ತಾರೆ. ಪಾಲಕರು ಬೆಲೆ ನೋಡಿ ಹೂಂ ಅನ್ನುತ್ತಾರೆ. ತುಸು ತಡೆಯಿರಿ.

2023ರಲ್ಲಿ 16,499 ರೂಪಾಯಿಗೆ ಬಂದ ಜಿಯೋಬುಕ್ ಒಂದು ಕಿಲೋ ಸಹ ತೂಗದು. ಪಾಠ ನೋಡಲು, ಪತ್ರ ಬರೆಯಲು ಸಾಕು. ಆದರೆ ಅದರಲ್ಲಿರುವುದು ವಿಂಡೋಸ್ ಅಲ್ಲ. ಅಂಗಡಿಯ ಲೆಕ್ಕದ ಟ್ಯಾಲಿಯಾಗಲಿ, ಕನ್ನಡದ 'ನುಡಿ' ತಂತ್ರಾಂಶವಾಗಲಿ ನೇರವಾಗಿ ಓಡವು. 4 ಜಿಬಿ ರ‍್ಯಾಮನ್ನು ಮುಂದೆ ಹೆಚ್ಚಿಸಲೂ ಬಾರದು. ಬಿ.ಕಾಂ. ಮುಗಿಸಿ ಅಂಗಡಿಯ ಗಾದಿಯ ಮೇಲೆ ಕೂಡುವ ಮಗನಿಗೋ ಮಗಳಿಗೋ ಇದನ್ನು ಕೊಡಿಸಿದರೆ, ಎರಡನೆಯದಕ್ಕೂ ಹಣ ತೆಗೆದಿಡಿ!

ಅದರ ಬದಲು ಕಚೇರಿಯಲ್ಲಿ ಬಳಸಿದ ಹಳೆಯ ಯಂತ್ರ ನೋಡಿರಿ. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇರಲಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರದಲ್ಲಿ ನಿಂತಿದೆ. ಆದ್ದರಿಂದ ಇಂಟೆಲ್ ಆದರೆ ಎಂಟನೆಯ ಪೀಳಿಗೆಗಿಂತ ಹಳೆಯದು ಬೇಡ. ಬ್ಯಾಟರಿಯನ್ನು ಅಂಗಡಿಯಲ್ಲೇ ಅರ್ಧ ತಾಸು ಓಡಿಸಿ ನೋಡಿರಿ, ರಸೀದಿ ಪಡೆಯಿರಿ.