ಮಾತ್ರೆ ಸಿಕ್ಕಿತು, ಮಾತಾಡಿಸುವವರು ಯಾರು?

ದೊಡ್ಡಬಳ್ಳಾಪುರ: ಯಾರೂ ಇಲ್ಲದಿದ್ದರೂ ಕಿವಿಯಲ್ಲಿ ಬೈಗುಳ ಕೇಳಿಸುತ್ತದೆ, ಪಕ್ಕದ ಮನೆಯವರ ಮೇಲೆ ಗುಮಾನಿ. ಊರವರು ‘ಗಾಳಿ ಸೋಕಿದೆ’ ಅಂತಾರೆ, ಡಾಕ್ಟರು ಸ್ಕಿಜೋಫ್ರೀನಿಯಾ ಅಂತಾರೆ. ಔಷಧ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಮಾತ್ರೆ ನುಂಗಿಸಿದರೆ ಕೆಲಸ ಮುಗಿಯಿತೇ?

ಇಲ್ಲ. ‘ಆ ದನಿ ಯಾವಾಗ ಜಾಸ್ತಿ? ಅದು ಹೇಳಿದ್ದು ಮಾಡದಿದ್ದರೆ ಏನಾಗುತ್ತೆ?’ ಎಂದು ರೋಗಿಯನ್ನು ಕೂರಿಸಿಕೊಂಡು ವಾರವಾರ ವಿಚಾರಿಸುವ ಚಿಕಿತ್ಸೆಯೂ ಉಂಟು. ದನಿ ಪೂರಾ ನಿಲ್ಲದಿದ್ದರೂ ಅದರ ಅಂಜಿಕೆ ಇಳಿಯಬಹುದು. ಮನೆಯವರಿಗೂ ಪಾಠವಿದೆ: ‘ದಂಡಪಿಂಡ’ ಎಂದು ದಿನಾ ಹಂಗಿಸುವ ಮನೆಯಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚು. ಔಷಧದ ಜೊತೆ ಈ ಎರಡನ್ನೂ ಕೊಡಬೇಕೆಂದು ಇಂಗ್ಲೆಂಡಿನ 2014ರ ಸರ್ಕಾರಿ ಮಾರ್ಗಸೂಚಿಯೇ ಹೇಳುತ್ತದೆ.

ನಮ್ಮಲ್ಲಿ? ನಿಮ್ಹಾನ್ಸ್‌ನವರು 1970ರ ದಶಕದಲ್ಲೇ ಸಕಲವಾರದಿಂದ ಹಳ್ಳಿ ರೋಗಿಗಳ ಬಳಿಗೆ ಹೊರಟವರು. ಆ ನಿಮ್ಹಾನ್ಸ್‌ಗೇ ಮಗ್ಗ ನಿಲ್ಲಿಸಿ ವಾರವಾರ ಹೋಗೋಣವೆಂದರೆ ಬಸ್ ಚಾರ್ಜ್ ಒಂದು ಕಡೆ, ಅಂದಿನ ಕೂಲಿ ಖೋತಾ. ಜೊತೆಗೆ ಹೋದವರದ್ದೂ ಅಷ್ಟೇ! ತಾಲ್ಲೂಕು ಆಸ್ಪತ್ರೆಯ ಕ್ಯೂನಲ್ಲಿ ಮುಕ್ಕಾಲು ಗಂಟೆ ಮಾತಿಗೆ ಎಡೆಯೆಲ್ಲಿ? 2022ರಲ್ಲಿ ಬಂದ ಟೆಲಿ ಮಾನಸ್‌ನ 14416ಕ್ಕೆ ಪುಕ್ಕಟೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಒಳ್ಳೆಯದೇ. ಆದರೆ ದನಿಗಳಿಗೇ ಹೆದರಿದವನ ಕೈಗೆ ಇನ್ನೊಂದು ಕಾಣದ ದನಿಯನ್ನು ಕೊಡುವ ಬದಲು, ತಾಲ್ಲೂಕಿಗೊಬ್ಬರಾದರೂ ತರಬೇತಾದ ಸಮಾಲೋಚಕರನ್ನು ಎದುರು ಕೂರಿಸಬಾರದೇ?