ಸರ್ಟಿಫಿಕೇಟು ಮತ್ತು ಚಿಕ್ಕಪ್ಪನ ತೋತಾಪುರಿ

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಶ್ರೀನಿವಾಸಪುರದಿಂದ ಚಿಕ್ಕಪ್ಪ ಫೋನ್ ಮಾಡಿದ್ರು. ಸುಮ್ಮಸುಮ್ಮನೆ ಫೋನ್ ಮಾಡೋ ಆಸಾಮಿ ಅಲ್ಲ ಅವರು. ಮಳೆ, ಬೆಳೆ, ಅಮ್ಮನ ಮಂಡಿನೋವು ಎಲ್ಲ ವಿಚಾರಿಸಿ ಆದಮೇಲೆ ಮೆಲ್ಲಗೆ ವಿಷಯಕ್ಕೆ ಬಂದರು.

"ನೋಡಪ್ಪಾ, ಇವನು ಬೆಂಗಳೂರಲ್ಲಿ ಯಾವುದೋ ಕ್ಲೌಡ್ ಕೋರ್ಸ್ ಅಂತಾನೆ. ಅರವತ್ತು ಸಾವಿರ ಅಂತೆ. ಕೊನೇಲಿ ಸರ್ಟಿಫಿಕೇಟು ಬರುತ್ತಂತೆ. ಅದು ಬಂದ್ರೆ ಕೆಲ್ಸ ಗ್ಯಾರಂಟಿನಾ? ನೀನು ಹ್ಞೂಂ ಅಂದ್ರೆ ಕಟ್ಟಿಬಿಡ್ತೀನಿ."

ನಾನು ಹ್ಞೂಂ ಅನ್ನಲಿಲ್ಲ, ಊಹ್ಞೂಂ ಅಂತಲೂ ಅನ್ನಲಿಲ್ಲ. "ಎರಡು ದಿನ ಬಿಟ್ಟು ಹೇಳ್ತೀನಿ ಚಿಕ್ಕಪ್ಪಾ" ಅಂದು ಫೋನಿಟ್ಟೆ.

ಚಿಕ್ಕಪ್ಪನ ಅರವತ್ತು ಸಾವಿರ ಅಂದ್ರೆ ಎಷ್ಟು ಅಂತ ನನಗೆ ಗೊತ್ತು. 2025ರ ಜೂನ್‌ನಲ್ಲಿ ತೋತಾಪುರಿ ದರ ಪಾತಾಳಕ್ಕೆ ಬಿತ್ತು. ಅದರ ಮೇಲೆ ಚಿತ್ತೂರಿನವರು ಹೊರರಾಜ್ಯದ ಕಾಯಿ ಒಳಗೆ ಬರದಂತೆ ತಡೆದರು. ಶ್ರೀನಿವಾಸಪುರದಲ್ಲಿ ಮಾವು ಬೆಳೆಗಾರರು ಬಂದ್ ಮಾಡಿದರು. ಆವತ್ತಿನಿಂದ ನಮ್ಮನೇಲಿ ದುಡ್ಡಿನ ಲೆಕ್ಕ ಅಂದ್ರೆ ಮಾವಿನ ಲೆಕ್ಕವೇ. ಕೆ.ಜಿ.ಗೆ ಐದು ರೂಪಾಯಿ ಸಿಕ್ಕಿದರೆ ಅರವತ್ತು ಸಾವಿರಕ್ಕೆ ಹನ್ನೆರಡು ಟನ್ ಕಾಯಿ ಮಾರಬೇಕು. ಮರ ಹತ್ತಿ ಕೀಳುವ ಕೂಲಿ, ಗಾಡಿ ಬಾಡಿಗೆ, ಔಷಧಿ ಇವೆಲ್ಲ ಬೇರೆ. ಒಂದು ಕಾಗದಕ್ಕೆ ಹನ್ನೆರಡು ಟನ್ ಮಾವು!

ಇನ್ನೊಂದು ಮುಜುಗರವೂ ಇತ್ತು. ತಮ್ಮನ ತಲೆಗೆ ಈ ಹುಳ ಬಿಟ್ಟವನು ನಾನೇ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಅಮೆಜಾನ್ ಕ್ಲೌಡ್‌ನ ಅಸೋಸಿಯೇಟ್ ಪರೀಕ್ಷೆ ಪಾಸು ಮಾಡಿ, ಆ ಸರ್ಟಿಫಿಕೇಟಿನ ಚಿತ್ರವನ್ನ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿ ಮೆರೆದಿದ್ದೆ. ಅತ್ತೆ, ದೊಡ್ಡಪ್ಪ, ಮಾಲೂರಿನ ಅಕ್ಕ, ಎಲ್ಲರಿಂದಲೂ ಹೂಗುಚ್ಛ. ಆ ಸರ್ಟಿಫಿಕೇಟು ಬಂದ ಮೂರೇ ತಿಂಗಳಿಗೆ ಏನಾಯ್ತು ಅನ್ನೋದನ್ನ ಮಾತ್ರ ಗುಂಪಿಗೆ ಹಾಕಿರಲಿಲ್ಲ. ಅದನ್ನ ಇಲ್ಲಿ ಹೇಳ್ತೀನಿ.

ರಾತ್ರಿ ಒಂದೂವರೆ. ನಾನು ಆನ್-ಕಾಲ್. ಗ್ರಾಹಕರೊಬ್ಬರ ಸರ್ವರ್ ನಿಂತುಹೋಯ್ತು. ನೋಡಿದರೆ ಡಿಸ್ಕ್ ನೂರಕ್ಕೆ ನೂರು ತುಂಬಿದೆ. ನನಗೆ ಒಳಗೊಳಗೇ ಖುಷಿ! ಈ ಪ್ರಶ್ನೆ ಪರೀಕ್ಷೆಗೆ ಓದಿದ್ದೆನಲ್ಲ, ಡಿಸ್ಕ್ ದೊಡ್ಡದು ಮಾಡಿದರಾಯ್ತು. ನೂರು ಜಿಬಿಯನ್ನ ಇನ್ನೂರು ಮಾಡಿದೆ. ಸರ್ವರ್ ಒಳಗೆ ನೋಡಿದರೆ ಅದೇ ನೂರು, ಅದೇ ಫುಲ್. ಹೊರಗೆ ಡಿಸ್ಕ್ ಹಿಗ್ಗಿಸಿದರೆ ಸಾಲದು, ಒಳಗಡೆ ಪಾರ್ಟಿಷನ್ನನ್ನೂ ಫೈಲ್ ಸಿಸ್ಟಮ್ಮನ್ನೂ ಹಿಗ್ಗಿಸಬೇಕು ಅನ್ನೋದು ನಾನು ಟಿಕ್ ಮಾಡಿದ ನಾಲ್ಕು ಉತ್ತರಗಳಲ್ಲಿ ಎಲ್ಲೂ ಇರಲಿಲ್ಲ. ಗಾಬರಿಯಲ್ಲಿ ಒಂದು ದೈತ್ಯ ಲಾಗ್ ಫೈಲ್ ಡಿಲೀಟ್ ಮಾಡಿದೆ. ಆಗಲೂ ಫುಲ್!

ಕೊನೆಗೆ ಬಂಗಾರಪೇಟೆಯ ಹಿರಿಯ ಸಹೋದ್ಯೋಗಿಯೊಬ್ಬರನ್ನ ನಿದ್ದೆಯಿಂದ ಎಬ್ಬಿಸಿದೆ. ಅವರದು ಡಿಪ್ಲೊಮಾ, ಜೊತೆಗೆ ಹನ್ನೊಂದು ವರ್ಷದ ಕೆಲಸ. ಸರ್ಟಿಫಿಕೇಟು ಒಂದೂ ಇಲ್ಲ. ಅವರು ಕೇಳಿದ ಮೊದಲ ಪ್ರಶ್ನೆಯೇ ಬೇರೆ.

"ಗ್ರಾಹಕರಿಗೆ ತಿಳಿಸಿದ್ದೀಯೇನಪ್ಪಾ?"

ತಿಳಿಸಿರಲಿಲ್ಲ.

"ಯಾವುದು ತುಂಬಿಸ್ತಿದೆ ಅಂತ ನೋಡಿದ್ಯಾ?"

ಅದೂ ಇಲ್ಲ.

ಆಮೇಲೆ ಶಾಂತವಾಗಿ ಹೇಳಿದರು. ಡಿಲೀಟ್ ಮಾಡಿದ ಫೈಲನ್ನ ಪ್ರೋಗ್ರಾಂ ಇನ್ನೂ ತೆರೆದು ಹಿಡಿದುಕೊಂಡಿದ್ದರೆ, ಫೈಲ್ ಕಣ್ಣಿಗೆ ಕಾಣಲ್ಲ, ಆದರೆ ಜಾಗ ಮಾತ್ರ ಖಾಲಿ ಆಗಲ್ಲ. ಪ್ರೋಗ್ರಾಂ ನಿಲ್ಲಿಸಿ ಮತ್ತೆ ಶುರು ಮಾಡಿಸಿದರು, ಜಾಗ ಬಂತು. "ಸರಿ, ಮಲಗ್ತೀನಿ ಸಾರ್" ಅಂದೆ. ಅವರು ಬಿಡಲಿಲ್ಲ. ಇನ್ನೊಂದು ಗಂಟೆ ಕೂತು, ಯಾರೋ ಪರೀಕ್ಷೆಗೆ ಅಂತ ಹಾಕಿ ತೆಗೆಯೋದು ಮರೆತಿದ್ದ ಡೀಬಗ್ ಸೆಟ್ಟಿಂಗನ್ನ ಹುಡುಕಿ ತೆಗೆದರು. ಅದು ಹಾಗೇ ಇದ್ದಿದ್ದರೆ ಮುಂದಿನ ವಾರ ಮತ್ತೆ ಅದೇ ರಾತ್ರಿ, ಅದೇ ಗೋಳು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನೂ ಎಲ್ಲರ ಹಾಗೆ "ಸರ್ಟಿಫಿಕೇಟು ದಂಡ, ಅನುಭವವೇ ಗುರು" ಅಂತ ಬರೆದು ಕೈ ತೊಳ್ಕೋಬಹುದಿತ್ತು. ನಮ್ಮ ಕಡೆ ಈ ಮಾತು ಬಂದಾಗಲೆಲ್ಲ ಡಿವಿಜಿಯವರ ಹೆಸರು ಬರುತ್ತೆ. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದವರು, ಮೆಟ್ರಿಕ್ಯುಲೇಷನ್ ದಾಟಲಿಲ್ಲ. ಆದರೆ 1961ರಲ್ಲಿ ಮೈಸೂರು ವಿಶ್ವವಿದ್ಯಾಲಯವೇ ಕರೆದು ಗೌರವ ಡಿ.ಲಿಟ್ ಕೊಟ್ಟಿತು. ನಿಜ. ಆದರೆ ಅದೇ ಜಿಲ್ಲೆಯ ಮಾಲೂರು ತಾಲೂಕಿನ ಮಾಸ್ತಿಯವರು? ಎಂ.ಎ.ಯಲ್ಲಿ ಚಿನ್ನದ ಪದಕ, ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆ. ಆ ಪರೀಕ್ಷೆಯ ಬಾಗಿಲಿನಿಂದ ಒಳಗೆ ಹೋಗಿದ್ದಕ್ಕೇ ಊರೂರು ಸುತ್ತಿ ಜನರನ್ನ ನೋಡುವ ಅಧಿಕಾರಿಯಾದರು. ಒಂದೇ ಜಿಲ್ಲೆಯ ಎರಡು ತಾಲೂಕು, ಎರಡು ದಾರಿ. ಡಿವಿಜಿ ಹೆಸರು ಹೇಳಿ ಹುಡುಗರಿಗೆ ಪರೀಕ್ಷೆ ಬೇಡ ಅನ್ನೋದು ಸುಲಭ. ಆ ಹುಡುಗರಲ್ಲಿ ಎಲ್ಲರೂ ಡಿವಿಜಿ ಅಲ್ಲವಲ್ಲ!

ನನ್ನ ಬಂಗಾರಪೇಟೆ ಗುರುಗಳ ಕಥೆಗೂ ಇನ್ನೊಂದು ಮುಖ ಇದೆ. ಹೊಸ ಪ್ರಾಜೆಕ್ಟ್ ಒಂದಕ್ಕೆ ಅವರನ್ನ ಹಾಕಬೇಕಿತ್ತು. ಗ್ರಾಹಕರ ಕರಾರಿನಲ್ಲಿ "ಸರ್ಟಿಫೈಡ್ ಇಂಜಿನಿಯರ್" ಅಂತ ಬರೆದಿತ್ತು. ಅವರನ್ನ ಬಿಟ್ಟು ನನ್ನನ್ನ ಹಾಕಿದರು. ಡಿಸ್ಕ್ ತುಂಬಿದ್ದಕ್ಕೆ ಅವರನ್ನ ಎಬ್ಬಿಸಿದ ನನ್ನನ್ನ! ಅವರು ಏನೂ ಅನ್ನಲಿಲ್ಲ, ಆದರೆ ಮಾರನೇ ವಾರ "ಆ ಪುಸ್ತಕ ಕೊಡಪ್ಪಾ" ಅಂದರು. ಮೂರು ತಿಂಗಳು ಸಂಜೆ ಹೊತ್ತು ಕೂತು ಇಬ್ಬರೂ ಓದಿದೆವು. ಆಗ ಒಂದು ತಮಾಷೆ ನಡೀತು. ಇಡೀ ಖಾತೆಯ ಮೇಲೆ ಅಧಿಕಾರ ಇರುವ ಕೀಲಿಯನ್ನೇ ಅವರು ವರ್ಷಗಳಿಂದ ಎಲ್ಲ ಸ್ಕ್ರಿಪ್ಟುಗಳಲ್ಲೂ ಬರೆದಿಟ್ಟಿದ್ದರು. ಅದು ಯಾರ ಕೈಗಾದರೂ ಸಿಕ್ಕಿದ್ದರೆ ಎಲ್ಲ ಗೋವಿಂದ. ಭದ್ರತೆಯ ಪಾಠ ಓದಿದ ದಿನವೇ ಕೂತು ಎಲ್ಲ ಬದಲಾಯಿಸಿದರು. "ಹನ್ನೊಂದು ವರ್ಷದಲ್ಲಿ ಇದನ್ನ ಯಾರೂ ಹೇಳಿರಲಿಲ್ಲ ನೋಡು" ಅಂದರು. ಅನುಭವ ತನಗೆ ಎದುರಾದದ್ದನ್ನಷ್ಟೇ ಕಲಿಸುತ್ತೆ. ಎದುರಾಗದೇ ಉಳಿದದ್ದಕ್ಕೆ ಓದೇ ಬೇಕು.

ಹಾಗಾದರೆ ಯಾವ ಕಾಗದಕ್ಕೆ ಬೆಲೆ? ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ಹಳೇ ಉತ್ತರ ಇದೆ, ಕೆಜಿಎಫ್‌ನಲ್ಲಿ. ಅಮ್ಮನ ಸೋದರಮಾವ ಅಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿದ್ದರು. ಗಣಿಯಲ್ಲಿ ಸಿಡಿಮದ್ದು ಹಾರಿಸುವವನಿಗೆ ಬ್ಲಾಸ್ಟರ್ ಸರ್ಟಿಫಿಕೇಟು, ಆಳುಗಳ ಮೇಲ್ವಿಚಾರಣೆಗೆ ಮೇಟ್ ಸರ್ಟಿಫಿಕೇಟು ಇರಲೇಬೇಕಿತ್ತು. 1961ರ ಲೋಹ ಗಣಿ ನಿಯಮಾವಳಿಯ ಪ್ರಕಾರ ಆ ಪರೀಕ್ಷೆಗೆ ಕೂರೋಕೇ ಮೊದಲು ಇಂತಿಷ್ಟು ಕಾಲ ಗಣಿಯಲ್ಲಿ ಕೆಲಸ ಮಾಡಿರಬೇಕು, ಪ್ರಥಮ ಚಿಕಿತ್ಸೆ ಗೊತ್ತಿರಬೇಕು. ಅಂದ್ರೆ ಅಲ್ಲಿ ಅನುಭವ ಮೊದಲು, ಕಾಗದ ಆಮೇಲೆ. ಬೆವರಿಗೆ ಬದಲಾಗಿ ಕೊಡುವ ಕಾಗದ ಅಲ್ಲ ಅದು, ಬೆವರಿಗೆ ಹಾಕಿದ ಮೊಹರು.

ಆ ಮೊಹರಿನ ಬೆಲೆ ಗೊತ್ತಾಗಿದ್ದು 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ. ನಿಯಮ ಇಡೀ ದೇಶಕ್ಕೆ ಒಂದೇ ಆದ್ದರಿಂದ ಆ ಕಾಗದ ಇದ್ದವನು ಹಟ್ಟಿಗೋ ಇನ್ನೆಲ್ಲಿಗೋ ಹೋಗಿ "ನಾನು ಇಂಥಾ ಕೆಲಸ ಬಲ್ಲೆ" ಅಂತ ತೋರಿಸಬಹುದಿತ್ತು. ಇಪ್ಪತ್ತು ವರ್ಷ ಬಂಡೆ ಕೊರೆದೂ ಕಾಗದ ಇಲ್ಲದವನ ಅನುಭವ? ಅದು ಗಣಿಯ ಜೊತೆಗೇ ನೀರಲ್ಲಿ ಮುಳುಗಿತು. ಮಾವ ಈ ಮಾತು ಹೇಳುವಾಗ ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಆದರೆ ಸ್ನೇಹಿತರ ಹೆಸರುಗಳನ್ನ ಒಂದೊಂದಾಗಿ ಹೇಳ್ತಿದ್ದರು. ಬೆಳಗಿನ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಹೋದವರ ಹೆಸರುಗಳು.

ನಮ್ಮ ಐಟಿಯಲ್ಲೂ ಎರಡು ಜಾತಿಯ ಪರೀಕ್ಷೆಗಳಿವೆ. ಒಂದು, ನಾಲ್ಕರಲ್ಲಿ ಒಂದು ಆರಿಸುವಂಥದ್ದು. ಇದರ ಪ್ರಶ್ನೆಗಳು ಡಂಪ್ ಅನ್ನೋ ಹೆಸರಿನಲ್ಲಿ ಅಂತರ್ಜಾಲದಲ್ಲಿ ಓಡಾಡ್ತಾವೆ. ನನ್ನ ಎರಡನೇ ಸರ್ಟಿಫಿಕೇಟಿಗೆ ನಾನೂ ಅದನ್ನ ಓದಿದ್ದೆ, ಸುಳ್ಳು ಹೇಳಲ್ಲ. ಅದರಲ್ಲಿ ಈಗ ಒಂದಕ್ಷರವೂ ನೆನಪಿಲ್ಲ. ಇನ್ನೊಂದು, ಕೈಯಲ್ಲಿ ಮಾಡಿ ತೋರಿಸುವಂಥದ್ದು. ರೆಡ್ ಹ್ಯಾಟ್‌ನವರು ಲಿನಕ್ಸ್ ಯಂತ್ರ ಮುಂದಿಟ್ಟು ಸರಿ ಮಾಡು ಅಂತಾರೆ. ಕುಬರ್ನೆಟೀಸ್ ಅಡ್ಮಿನಿಸ್ಟ್ರೇಟರ್ ಪರೀಕ್ಷೆ ಎರಡು ಗಂಟೆ, ಪೂರ್ತಿ ಟರ್ಮಿನಲ್‌ನಲ್ಲೇ. ಸಿಸ್ಕೋದ ಸಿಸಿಐಇ ಲ್ಯಾಬ್ ಎಂಟು ಗಂಟೆ. ಇವು ಗಣಿಯ ಸರ್ಟಿಫಿಕೇಟಿಗೆ ಸ್ವಲ್ಪ ಹತ್ತಿರ.

ಯಾವ ಕಾಗದವೂ ಶಾಶ್ವತ ಅಲ್ಲ ಅನ್ನೋದನ್ನೂ ಮರೀಬಾರದು. ನಮ್ಮ ಸೀನಿಯರ್‌ಗಳ ಕಾಲದಲ್ಲಿ ಎಂಸಿಎಸ್‌ಇ ಅಂದ್ರೆ ಕೊಂಬು. ಆ ಸರ್ಟಿಫಿಕೇಟನ್ನೇ ಮೈಕ್ರೋಸಾಫ್ಟ್ 2021ರ ಜನವರಿ ಕೊನೆಗೆ ನಿಲ್ಲಿಸಿತು. ಸನ್ ಕಂಪನಿಯ ಜಾವಾ ಸರ್ಟಿಫಿಕೇಟು 2010ರಲ್ಲಿ ಒರಾಕಲ್ ಪಾಲಾಯ್ತು. ನನ್ನ ಅಮೆಜಾನ್ ಕಾಗದಕ್ಕೂ ಮೂರೇ ವರ್ಷ ಆಯಸ್ಸು, ಆಮೇಲೆ ಮತ್ತೆ ಪರೀಕ್ಷೆ. ಹಾಗಿದ್ದೂ ಕಂಪನಿಗಳು ಯಾಕೆ ಒತ್ತಾಯ ಮಾಡ್ತವೆ? ಟೆಂಡರಿನಲ್ಲಿ, ಪಾರ್ಟ್ನರ್ ಅರ್ಜಿಯಲ್ಲಿ "ನಮ್ಮಲ್ಲಿ ಇಷ್ಟು ಜನ ಸರ್ಟಿಫೈಡ್" ಅಂತ ತಲೆ ಎಣಿಸಿ ತೋರಿಸಬೇಕು. ಅಲ್ಲಿ ಕಾಗದ ನಮ್ಮ ಜಾಣತನಕ್ಕಲ್ಲ, ಅವರ ವ್ಯಾಪಾರಕ್ಕೆ. ಹಾಗಾದರೆ ಖರ್ಚೂ ಅವರದ್ದೇ ಆಗಬೇಕಲ್ವಾ? ಚಿಕ್ಕಪ್ಪನ ತೋಟದ್ದು ಯಾಕೆ?

ಇಷ್ಟೆಲ್ಲ ತಲೇಲಿ ಇಟ್ಕೊಂಡು ಬುಧವಾರ ಸಂಜೆ ತಮ್ಮನಿಗೆ ಫೋನ್ ಮಾಡಿ ಬಯೋಡೇಟಾ ಕಳಿಸು ಅಂದೆ. ಬಂತು. ಎರಡು ಪುಟ. ಹನ್ನೊಂದು ಸರ್ಟಿಫಿಕೇಟು! ಎಲ್ಲ ಉಚಿತವಾಗಿ ಸಿಗುವ ಎರಡು ಗಂಟೆ, ನಾಲ್ಕು ಗಂಟೆಯ ಕೋರ್ಸುಗಳು. ಕೊನೇಲಿ ಹವ್ಯಾಸ, ಕ್ರಿಕೆಟ್.

"ನರಸಾಪುರದ ಕಾರ್ಖಾನೆಗೆ ಹೋಗ್ತಿದ್ದೀಯಲ್ಲ, ಅದೆಲ್ಲೋ?"

"ಅದು ಗುತ್ತಿಗೆ ಕೆಲಸ ಅಣ್ಣಾ. ಅದನ್ನ ಹಾಕಿದ್ರೆ ಬೆಲೆ ಕಮ್ಮಿ ಅಂತ ಹಾಕಿಲ್ಲ."

"ಏನು ಮಾಡ್ತೀಯ ಅಲ್ಲಿ?"

"ಟೆಸ್ಟಿಂಗ್ ಲೈನು. ಫೇಲಾದ ಬೋರ್ಡುಗಳ ಲೆಕ್ಕ ಬರೀಬೇಕು. ಶಿಫ್ಟ್ ಮುಗಿದ ಮೇಲೆ ಒಂದು ಗಂಟೆ ಕೈಯಲ್ಲೇ ಎಣಿಸ್ತಿದ್ರು. ನಾನು ಪೈಥಾನ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರ್ದೆ, ಈಗ ಐದು ನಿಮಿಷ. ಸೂಪರ್‌ವೈಸರ್ ಬೇರೆ ಲೈನಿಗೂ ಕೇಳಿದ್ರು."

ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಎಂಟು ತಿಂಗಳಿಂದ ಈ ಹುಡುಗ ನಿಜವಾದ ಜನರ ನಿಜವಾದ ತೊಂದರೆಯೊಂದನ್ನ ಬಗೆಹರಿಸಿದ್ದಾನೆ, ಅದನ್ನ ನಾಚಿಕೆಯಿಂದ ಮುಚ್ಚಿಟ್ಟಿದ್ದಾನೆ. ಮುಚ್ಚಿಡೋಕೆ ಕಲಿಸಿದವರು ನಾವೇ. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಬಾಕ್ಸಿನ ಮೇಲೆ ದಪ್ಪ ಹಣ್ಣು ಜೋಡಿಸಿ ಕೆಳಗೆ ಗೋಲಿ ತುಂಬೋರನ್ನ ನೋಡಿದ್ದೀನಿ. ಇವನು ಗೋಲಿಯನ್ನ ಮೇಲಿಟ್ಟು ದಪ್ಪ ಹಣ್ಣನ್ನ ಅಡಿಗೆ ಹಾಕಿದ್ದ! ಮಂಡಿಯವನಾದರೆ ಬಾಕ್ಸ್ ಮಗುಚಿ ನೋಡ್ತಾನೆ. ನಮ್ಮ ಕಂಪನಿಗಳಲ್ಲಿ ಯಾರು ಮಗುಚುತ್ತಾರೆ? ಗಣಕಯಂತ್ರವೇ ಬಯೋಡೇಟಾ ಸೋಸಿ ಬಿಸಾಡುತ್ತೆ.

ಇದನ್ನ ಓದ್ತಿರೋ ನಿಮ್ಮಲ್ಲಿ ಸುಮಾರು ಜನ ಐಟಿಯವರೇ, ಸಂದರ್ಶನ ಮಾಡೋರೂ ಇದ್ದೀರಿ. ನನ್ನದೊಂದು ಕೋರಿಕೆ. ಹೊಸಬರ ಕೆಲಸಕ್ಕೆ "ಎರಡು ವರ್ಷ ಅನುಭವ ಬೇಕು" ಅಂತ ಬರೆಯೋದನ್ನ ನಿಲ್ಲಿಸಿ. ಯಾರೂ ಮೊದಲ ಕೆಲಸ ಕೊಡದಿದ್ದರೆ ಆ ಎರಡು ವರ್ಷ ಎಲ್ಲಿಂದ ಬರಬೇಕು? ಬೆಂಗಳೂರಿನಲ್ಲಿ ಮಾವನೋ ಭಾವನೋ ಇರುವವನಿಗೆ ಇಂಟರ್ನ್‌ಶಿಪ್ ಸಿಗುತ್ತೆ. ಶ್ರೀನಿವಾಸಪುರದವನಿಗೆ ಸಿಗೋದು ಅರವತ್ತು ಸಾವಿರದ ಕೋರ್ಸು. ಸಂದರ್ಶನದಲ್ಲಿ ಒಂದೇ ಒಂದು ಪ್ರಶ್ನೆ ಕೇಳಿ ಸಾಕು: "ನೀನು ಮಾಡಿದ್ದು ಯಾವುದಾದರೂ ಕೆಟ್ಟು ನಿಂತಿತ್ತಾ? ಹೇಗೆ ಸರಿ ಮಾಡಿದೆ?" ಇದಕ್ಕೆ ಡಂಪ್ ಇಲ್ಲ.

ಚಿಕ್ಕಪ್ಪನಿಗೆ ಕೊನೆಗೆ ಹೇಳಿದ್ದು ಇಷ್ಟು. "ಅರವತ್ತು ಸಾವಿರ ಕಟ್ಟಬೇಡಿ. ಗ್ಯಾರಂಟಿ ಅನ್ನೋದು ಸುಳ್ಳು. ನನ್ನ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ ಕಳಿಸ್ತೀನಿ, ಆರು ತಿಂಗಳು ಅದನ್ನ ಕೆಡಿಸಿ ಸರಿ ಮಾಡಿ ಕಲೀಲಿ. ಕೆಲಸ ಬಿಡೋದು ಬೇಡ. ಆಮೇಲೆ ಕೈಯಲ್ಲಿ ಮಾಡಿ ತೋರಿಸೋ ಒಂದೇ ಒಂದು ಪರೀಕ್ಷೆ ಬರೀಲಿ, ಅದರ ಫೀಸು ನಾನು ಕೊಡ್ತೀನಿ."

ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಕ್ಕದ ಮನೆಯವನು ಕಟ್ಟಿದಾನಂತೆ ಕಣಪ್ಪಾ" ಅಂದರು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಳೆ ಪಕ್ಕದ ಮನೆಯ ಹುಡುಗನಿಗೆ ಕೆಲಸ ಸಿಕ್ಕಿ, ನಮ್ಮ ಹುಡುಗನಿಗೆ ಸಿಗದಿದ್ದರೆ ತೋಟದ ಮಾವಿನ ಮರಗಳ ಮುಂದೆ ನಾನು ಯಾವ ಮುಖ ಹೊತ್ತು ನಿಲ್ಲಲಿ? ಆ ಭಯ ಇದ್ದೇ ಇದೆ.

ಸದ್ಯಕ್ಕೆ ಬಯೋಡೇಟಾ ತಿದ್ದಿದ್ದೀವಿ. ಹನ್ನೊಂದರಲ್ಲಿ ಹತ್ತು ಸರ್ಟಿಫಿಕೇಟು ತೆಗೆದು, ನರಸಾಪುರದ ಎಂಟು ತಿಂಗಳನ್ನ ಮೊದಲ ಸಾಲಿಗೆ ತಂದಿದ್ದೀವಿ. ಲ್ಯಾಪ್‌ಟಾಪು ಹೋದ ಶನಿವಾರ ತಲುಪಿತು. ಮೊನ್ನೆ ರಾತ್ರಿ ಹನ್ನೊಂದೂವರೆಗೆ ತಮ್ಮನ ಫೋನು.

"ಅಣ್ಣಾ, ಏನೋ ಮಾಡ್ದೆ, ಈಗ ಬೂಟೇ ಆಗ್ತಿಲ್ಲ."

"ಭೇಷ್, ಈಗ ಶುರುವಾಯ್ತು ನೋಡು" ಅಂದೆ.