ನೇಪಾಳ ಅಂದ್ರ ಶ್ರೀಶೈಲ ಅಲ್ಲ, ಸಾವ್ಕಾರ್ರ!

ನೀರಮಾನ್ವಿ, ಮಾನ್ವಿ, ದೇವದುರ್ಗದ ಕಡೆ ಮಂದಿಗೆ ತಮ್ಮ ಕಾಲಿನ ಮೇಲೆ ಬಲು ಭರವಸೆ. ಇರಲಿಕ್ಕೇ ಬೇಕು. ಯುಗಾದಿ ಮುಂದೆ ಶ್ರೀಶೈಲಕ್ಕೆ ನಡೆದು ಹೋಗುವ ಸೀಮೆ ಇದು. ನಲವತ್ತು ಡಿಗ್ರಿ ಬಿಸಿಲಿನಲ್ಲಿ ಹೊಲದಲ್ಲಿ ನಿಲ್ಲುವ ಜನ ಇವರು. ಅಂಥವರ ಕೈಗೆ ‘ನೇಪಾಳ ಯಾತ್ರೆ, ಪಶುಪತಿನಾಥ, ಮುಕ್ತಿನಾಥ, ಊಟ ವಸತಿ ಸಮೇತ’ ಎಂಬ ಹ್ಯಾಂಡ್‌ಬಿಲ್ಲು ಬಂದರೆ, ‘ಆಗ್ಲಿ ಬಿಡ್ರಿ, ನಮ್ಮದೂ ಹೆಸರು ಬರಕೋರಿ’ ಎನ್ನಲು ಎಷ್ಟು ಹೊತ್ತು?

ಹೋಗುವುದರಲ್ಲಿ ತಪ್ಪಿಲ್ಲ. ಕಠ್ಮಂಡುವಿನ ಪಶುಪತಿನಾಥನಿಗೆ ಪೂಜೆ ಮಾಡುವ ಭಟ್ಟರು ಕರ್ನಾಟಕದವರು. ಇಲ್ಲಿನ ಎಷ್ಟೋ ಮನೆಗಳ ದೇವರ ಜಗುಲಿಯ ಮೇಲಿರುವ ಸಾಲಿಗ್ರಾಮ ಸಿಗುವುದು ಅಲ್ಲಿಯ ಗಂಡಕಿ ನದಿಯಲ್ಲಿ. ಭಾರತೀಯರಿಗೆ ವೀಸಾ ಬೇಡ. ಹೀಗಾಗಿ ಪರದೇಶ ಎಂಬ ಅಂಜಿಕೆಯೇ ಯಾರಿಗೂ ಹುಟ್ಟುವುದಿಲ್ಲ. ತೊಂದರೆ ಶುರುವಾಗುವುದೇ ಇಲ್ಲಿ.

ರಾಯಚೂರು ಸೀಮೆ ಸಮುದ್ರ ಮಟ್ಟದಿಂದ ಸುಮಾರು 400 ಮೀಟರ್ ಎತ್ತರ. ಮುಕ್ತಿನಾಥ 3,700 ಮೀಟರಿಗೂ ಮೇಲೆ. ಚಾರಣದ ಹುಡುಗರು ಹಾತೊರೆಯುವ ಥೊರೊಂಗ್ ಲಾ ಕಣಿವೆ 5,416 ಮೀಟರ್. ಮುಕ್ತಿನಾಥದಲ್ಲಿ ಒಂದು ಉಸಿರಿಗೆ ಸಿಗುವ ಪ್ರಾಣವಾಯು ಇಲ್ಲಿಗಿಂತ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಕಮ್ಮಿ. ಕಾಲು ಗಟ್ಟಿ ಇದ್ದರೇನು, ಉಸಿರು ಸಾಲಬೇಕಲ್ಲ? ಇದಕ್ಕೆ ಹರೆಯದವರು, ಮುದುಕರು ಎಂಬ ಭೇದವಿಲ್ಲ. ಗರಡಿ ಮನೆಯ ಪೈಲ್ವಾನನೂ ತಲೆನೋವು, ವಾಂತಿ ಎಂದು ಮಲಗಬಹುದು.

ಈ ರೋಗಕ್ಕೆ ಮೊದಲ ಮದ್ದು ದಿನಗಳು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ನಿಲ್ಲಬೇಕು ಎಂಬುದು ವೈದ್ಯರ ಮಾತು. ಜೀಪಿನಲ್ಲಿ ಹೋಗುವವರು ಪೋಖರಾದಿಂದ ಒಂದೇ ಓಟಕ್ಕೆ ಮುಕ್ತಿನಾಥ ಏರದೆ, ಸುಮಾರು 2,700 ಮೀಟರಿನ ಜೋಮ್‌ಸೋಮ್‌ನಲ್ಲಿ ತಂಗಿ, ದರ್ಶನ ಮುಗಿಸಿ ಅದೇ ದಿನ ಕೆಳಗಿಳಿದು ಮಲಗುವುದು ಲೇಸು. ನಡೆಯುವಾಗ ತೂರಾಡಿದರೆ, ಕೂತಲ್ಲೇ ಏದುಸಿರು ಬಂದರೆ ಕಾಯಬಾರದು. ಕೂಡಲೇ ಕೆಳಗಿಳಿಸಬೇಕು.

ಆದರೆ ಈ ತಂಗುವ ದಿನಗಳನ್ನೇ ಮೊದಲು ಕತ್ತರಿಸುತ್ತಾರೆ. ಎಲ್ಲ ತಪ್ಪನ್ನೂ ಏಜೆಂಟನ ತಲೆಗೆ ಕಟ್ಟುವುದೂ ನ್ಯಾಯವಲ್ಲ. ‘ಅಂಗಡಿ ಎಷ್ಟು ದಿನ ಮುಚ್ಚೂದ್ರಿ? ಎರಡು ದಿನ ಕಮ್ಮಿ ಮಾಡ್ರಿ, ರೊಕ್ಕಾನೂ ಇಳಿಸ್ರಿ’ ಎಂದು ಒತ್ತಾಯ ಮಾಡುವವರು ಯಾರು? ಗಿರಾಕಿಗಳೇ ಅಲ್ಲವೇ?

ಅವಸರದ ಫಲ ಬಸ್ಸಿನವರಿಗೂ ಗೊತ್ತಿರಬೇಕು. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ, ಗುಡ್ಡ ಜರಿಯುವ ಕಾಲ. ಜುಲೈ 2024ರಲ್ಲಿ ಜರಿದ ಗುಡ್ಡ ಎರಡು ಬಸ್ಸುಗಳನ್ನು ತ್ರಿಶೂಲಿ ನದಿಗೆ ತಳ್ಳಿತು. ಮರುತಿಂಗಳೇ ಮಹಾರಾಷ್ಟ್ರದ ಯಾತ್ರಿಕರ ಬಸ್ಸು ಮರ್ಸ್ಯಾಂಗ್ದಿ ನದಿಗೆ ಉರುಳಿ 27 ಮಂದಿ ಸತ್ತರು. ಜನವರಿ 2020ರಲ್ಲಿ ದಾಮನ್ ಎಂಬಲ್ಲಿ ಚಳಿಗೆಂದು ಕೋಣೆ ಮುಚ್ಚಿ ಗ್ಯಾಸ್ ಹೀಟರ್ ಹಚ್ಚಿ ಮಲಗಿದ ಕೇರಳದ 8 ಜನ ಏಳಲಿಲ್ಲ. ನೇಪಾಳವೇ ಏಕೆ, ಜೂನ್ 2024ರಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಕರ್ನಾಟಕದಿಂದ ಹೋದ ತಂಡದ 9 ಮಂದಿ ಹಿಮಗಾಳಿಗೆ ಸಿಕ್ಕು ಹೆಣವಾಗಿ ಬಂದರು. ಹಿಮಾಲಯ ಯಾರ ಅವಸರಕ್ಕೂ ಕಾಯುವುದಿಲ್ಲ.

ಇನ್ನು ಕಾಗದಪತ್ರ. ‘ಆಧಾರ್ ಐತೆಲ್ರಿ’ ಎಂದರೆ ನಡೆಯದು. 15ರಿಂದ 65 ವರ್ಷದವರಿಗೆ ಪಾಸ್‌ಪೋರ್ಟ್ ಇಲ್ಲವೇ ಚುನಾವಣಾ ಆಯೋಗದ ಮತದಾರರ ಚೀಟಿ ಬೇಕು. ದೊಡ್ಡ ನೋಟುಗಳನ್ನು ಒಯ್ಯುವ ನಿಯಮ 2018ರಿಂದ ಬದಲಾಗುತ್ತಲೇ ಇದೆ. ಹೊರಡುವ ವಾರ ವಿಚಾರಿಸುವುದು ಜಾಣತನ. ಸೆಪ್ಟೆಂಬರ್ 2025ರ ಗಲಭೆಯಲ್ಲಿ ಕಠ್ಮಂಡು ವಿಮಾನ ನಿಲ್ದಾಣ ಮುಚ್ಚಿ ಕನ್ನಡಿಗರೂ ಸಿಕ್ಕಿಬಿದ್ದಿದ್ದರು. ಕೈಯಲ್ಲಿ ನಾಲ್ಕು ದಿನದ ಖರ್ಚು ಹೆಚ್ಚಿಗೆ ಇರಲಿ.

ಕೇಂದ್ರ ಸರ್ಕಾರ ನಡೆಸುವ ಕೈಲಾಸ ಮಾನಸ ಸರೋವರ ಯಾತ್ರೆಗೆ ಹೋಗುವವರು ವೈದ್ಯಕೀಯ ಪರೀಕ್ಷೆ ಪಾಸಾಗಲೇಬೇಕು. ಹ್ಯಾಂಡ್‌ಬಿಲ್ಲಿನ ಯಾತ್ರೆಗೆ ಆ ಕಟ್ಟಳೆಯನ್ನು ಮನೆಯವರೇ ಹಾಕಿಕೊಳ್ಳಬೇಕು. ಬಿ.ಪಿ., ಸಕ್ಕರೆ, ಎದೆನೋವು ಇದ್ದ ತಂದೆತಾಯಿಯನ್ನು ಡಾಕ್ಟರಿಗೆ ತೋರಿಸದೆ ಹತ್ತಿಸುವುದು ಪುಣ್ಯದ ಕೆಲಸವಲ್ಲ.

ಅಡ್ವಾನ್ಸ್ ಕೊಡುವ ಮೊದಲು ಏಜೆಂಟನಿಂದ ಒಂದು ಚೀಟಿ ಬರೆಸಿಕೊಳ್ಳಿರಿ. ಯಾವ ರಾತ್ರಿ ಯಾವ ಊರು, ಅದರ ಎತ್ತರ ಎಷ್ಟು, ಯಾರಿಗಾದರೂ ಆರಾಮಿಲ್ಲದಾದರೆ ಕೆಳಗಿಳಿಸುವ ಗಾಡಿ ಯಾರದು, ಖರ್ಚು ಯಾರದು. ಬರೆದು ಕೊಡಲು ಹಿಂದುಮುಂದು ನೋಡಿದರೆ ರೊಕ್ಕ ಕಿಸೆಯಲ್ಲೇ ಇರಲಿ. ಅರ್ಧ ಕಿಲೋ ಬ್ಯಾಳಿ ಕೊಳ್ಳುವಾಗ ತಕ್ಕಡಿಯ ಮುಳ್ಳು ನೋಡುವ ಜನ, ಜೀವದ ವ್ಯಾಪಾರದಲ್ಲಿ ದಿನಗಳ ತೂಕ ನೋಡಬಾರದೇ?